ಅಲ್ಪವನ್ನು ಸೂಚಿಸುವ ಇಂಗ್ಲಿಷು ಶಬ್ದಗಳೂ ಅವುಗಳ ಪ್ರಯೋಗವೂ

ಇಂಗ್ಲಿಷು ಭಾಷೆಯನ್ನು ಕಲಿಯುವ ನಮ್ಮ ಹೆಣ್ಮಕ್ಕಳಿಗೆ ವ್ಯಾಕರಣದ ದೊಡ್ಡ ನಿಯಮಗಳಿಗಿಂತಲೂ ಕೆಲವು ಸಣ್ಣ ಶಬ್ದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆಂಬದು ಪಾಠ ಹೇಳುವವರಿಗೆಲ್ಲ ತಿಳಿದ ಸಂಗತಿಯಾಗಿದೆ. ಅಂಥ ಶಬ್ದಗಳಲ್ಲಿ ಅಲ್ಪಪ್ರಮಾಣವನ್ನು ಸೂಚಿಸುವವುಗಳದು ಒಂದು ಪ್ರತ್ಯೇಕವಾದ ಗುಂಪು. ಹ್ಯಾಂಡ್‌ಫುಲ್, ಪಿಂಚ್, ಡ್ರಾಪ್, ಡ್ಯಾಶ್, ಸ್ಪ್ರಿಂಕ್ಲಿಂಗ್, ಸ್ಕ್ಯಾಟರಿಂಗ್, ಸ್ಮ್ಯಾಟರಿಂಗ್, ಮಾರ್ಸೆಲ್, ಗ್ರೇನ್, ಜಾಟ್, ಮೈಟ್ ಮುಂತಾದ ಈ ಶಬ್ದಗಳಿಗೆಲ್ಲ ಚಿಕ್ಕ ಶಬ್ದಕೋಶಗಳಲ್ಲಿ "ಸ್ವಲ್ಪ" ಎಂಬ ಒಂದೇ ಅರ್ಥವು ಸಿಕ್ಕುವದುಂಟು. ಅದನ್ನು ನೋಡಿ ಬಾಯಿಪಾಠ ಮಾಡಿದವಳು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬರೆಯುತ್ತಾಳೆ. ಹಾಗೆ ಬರೆದ ವಾಕ್ಯವು ವ್ಯಾಕರಣಕ್ಕೆ ಒಪ್ಪಿದರೂ ಅರ್ಥವು ಕೆಡುತ್ತದೆ. ಕೆಲವು ಸಲ ಓದುವವರ ಮನಸ್ಸಿಗೆ ನೋವೂ ಆಗುತ್ತದೆ. ಆದುದರಿಂದ ಈ ಶಬ್ದಗಳ ಹುಟ್ಟು, ಬಳಕೆ, ತೂಕ ಇವುಗಳನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಉಪಯೋಗವಾಗುವಂತೆ ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಸೀಮೆಗಳ ಮಕ್ಕಳು ಶಾಲೆಗೆ ಬರುವ ಮೊದಲೇ ಎರಡು ಮೂರು ಭಾಷೆಗಳನ್ನು ಕೇಳಿ ಬೆಳೆದವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಪಾಠದಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಬಾಯಲ್ಲಿ "ಒಂತೆ" ಎಂದು ಹೇಳಿದ್ದನ್ನು ಬರೆವಣಿಗೆಯಲ್ಲಿ "ಸ್ವಲ್ಪ" ಎಂದು ಮಾಡಿ, ಪರೀಕ್ಷೆಯಲ್ಲಿ "ಎ ಲಿಟ್ಲ್" ಎಂದು ತಿರುಗಿಸುವದು ಅವರ ನಿತ್ಯದ ಕೆಲಸವಾಗಿದೆ. ಈ ಕೆಲಸಕ್ಕೆ ಬೇಕಾದ ಸಾಧನಗಳು ನಮ್ಮ ಜಿಲ್ಲೆಯಲ್ಲಿ ಹಿಂದಿನಿಂದಲೂ ಸಿದ್ಧವಾಗಿವೆ. ಮೆನ್ನರ್ ಪಾದ್ರಿಗಳ ತುಳು–ಇಂಗ್ಲಿಷು ಕೋಶವು 1886ರಲ್ಲಿಯೂ, ಕಿಟ್ಟೆಲ್ ಪಂಡಿತರ ಕನ್ನಡ–ಇಂಗ್ಲಿಷು ಕೋಶವು 1894ರಲ್ಲಿಯೂ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದವು; ಉಡುಪಿಯಿಂದ ತುಳು ನಿಘಂಟುವಿನ ಆರು ಸಂಪುಟಗಳು 1988ರಿಂದ 1997ರ ವರೆಗೆ ಹೊರಬಂದವು. ಆದರೆ ಕೋಶವು ಶಬ್ದದ ಅರ್ಥವನ್ನು ಕೊಡಬಲ್ಲದು. ಅದರ ತೂಕವು ತಿಳಿಯಬೇಕಾದರೆ ಶಬ್ದವನ್ನು ಎಲ್ಲಿ, ಯಾರ ವಿಷಯದಲ್ಲಿ, ಯಾವ ಮನೋಭಾವದಿಂದ ಆಡುತ್ತಾರೆಂಬದನ್ನು ನೋಡಬೇಕು.

ನಮ್ಮ ಭಾಷೆಯು ಈ ವಿಷಯದಲ್ಲಿ ಬಡವೆಯೆಂದು ಯಾರೂ ತಿಳಿಯಬಾರದು. ಅಡಿಗೆಮನೆಯ ಮಾತನ್ನು ಗಮನಿಸಿರಿ. ಉಪ್ಪು ಒಂದು ಚಿಟಿಕೆ, ಅಕ್ಕಿ ಒಂದು ಹಿಡಿ, ಹೂವು ಒಂದು ಬೊಗಸೆ, ಎಣ್ಣೆ ಒಂದು ತೊಟ್ಟು, ನೀರು ಒಂದು ಗುಟುಕು, ಅನ್ನ ಒಂದು ತುತ್ತು, ತಟ್ಟೆಯಲ್ಲಿ ಉಳಿದದ್ದು ಒಂದು ಅಗುಳು, ಬೆಲ್ಲ ಒಂದು ಚೂರು, ತೆಂಗಿನಕಾಯಿ ಒಂದು ಹೋಳು, ಬೆಳ್ಳುಳ್ಳಿ ಒಂದು ಎಸಳು, ಹಲಸು ಒಂದು ಸೊಳೆ, ಬಾಳೆಹಣ್ಣು ಒಂದು ಚಿಪ್ಪು, ಕೂದಲು ಒಂದು ಎಳೆ. ಇವುಗಳಲ್ಲಿ ಯಾವದನ್ನೂ ಅದಲುಬದಲು ಮಾಡಲಾಗದು. ಶಾಲೆಯ ಮೆಟ್ಟಲನ್ನೇ ಹತ್ತದ ಅಜ್ಜಿಯಾದರೂ "ಉಪ್ಪಿನ ಗುಟುಕು" ಎಂದಾಗಲಿ "ನೀರಿನ ಹಿಡಿ" ಎಂದಾಗಲಿ ಹೇಳಳು. ಹಾಗಾದರೆ ಇಂಗ್ಲಿಷಿನ ಈ ಶಬ್ದಗಳನ್ನು ಕಲಿಯುವದಕ್ಕೆ ಬೇಕಾದ ವಿವೇಕವು ನಮ್ಮ ಮಕ್ಕಳಲ್ಲಿ ಮೊದಲೇ ಉಂಟು. "ಸ್ವಲ್ಪ" ಎಂಬ ಒಂದೇ ಮಾತಿನ ಮೂಲಕ ಹೋಗುವದನ್ನು ಬಿಟ್ಟು, ಚಿಟಿಕೆ, ಹಿಡಿ, ಹನಿಗಳ ಮೂಲಕ ಹೋದರೆ ದಾರಿಯು ಸುಗಮವಾಗುತ್ತದೆ.

ಮೊದಲು ಇವುಗಳ ಹುಟ್ಟನ್ನು ನೋಡೋಣ. ಕೆಲವು ಕೈಯಿಂದ ಹುಟ್ಟಿದವು: ಹ್ಯಾಂಡ್‌ಫುಲ್ ಎಂದರೆ ಕೈತುಂಬ, ಅಂದರೆ ನಮ್ಮ ಹಿಡಿ, ಪಿಂಚ್ ಎಂದರೆ ಬೆರಳುಗಳಿಂದ ಚಿವುಟಿದ್ದು, ಅಂದರೆ ನಮ್ಮ ಚಿಟಿಕೆ. ಕೆಲವು ಬಾಯಿಂದ ಹುಟ್ಟಿದವು: ನಿತ್ಯವೂ ಕೇಳಿಬರುವ ಬಿಟ್ ಎಂಬ ಶಬ್ದವು ಕಚ್ಚುವದೆಂಬ ಅರ್ಥದ ಬೈಟ್ ಎಂಬದರ ಸಂಬಂಧಿ, ಮಾರ್ಸೆಲ್ ಎಂಬದೂ ಕಚ್ಚುವದೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫ್ರೆಂಚಿನ ಮುಖಾಂತರ ಬಂದದ್ದು. ಎರಡೂ ನಮ್ಮ ತುತ್ತಿನ ಅಕ್ಕತಂಗಿಯರು. ಕೆಲವು ನೀರಿನಿಂದ ಹುಟ್ಟಿದವು: ಡ್ರಾಪ್ ಎಂದರೆ ಹನಿ, ಸ್ಪ್ರಿಂಕ್ಲಿಂಗ್ ಎಂದರೆ ಚಿಮುಕಿಸಿದ್ದು, ಡ್ಯಾಶ್ ಎಂದರೆ ಒಮ್ಮೆಗೆ ಎರಚಿದ್ದು. ಗ್ರೇನ್ ಎಂಬದು ಧಾನ್ಯದ ಕಾಳು. ಜಾಟ್ ಎಂಬದು ಗ್ರೀಕ್ ಅಕ್ಷರಮಾಲೆಯ ಅತಿ ಸಣ್ಣ ಅಕ್ಷರವಾದ ಅಯೋಟದ ಹೆಸರಿನಿಂದ ಬಂದದ್ದು. ಸ್ಕ್ರೂಪಲ್ ಎಂಬ ಶಬ್ದದ ಚರಿತ್ರೆಯಂತೂ ಬಹು ಸ್ವಾರಸ್ಯವಾದದ್ದು. ಅದರ ಮೂಲಾರ್ಥ ಚೂಪಾದ ಸಣ್ಣ ಹರಳು. ಔಷಧದ ಅಂಗಡಿಗಳಲ್ಲಿ ಅದು 20 ಗ್ರೇನುಗಳ ತೂಕವಾಯಿತು. ಜನರ ನುಡಿಯಲ್ಲಿ ಮನಸ್ಸಾಕ್ಷಿಯ ಅಳುಕು ಎಂಬ ಅರ್ಥವನ್ನು ಪಡೆಯಿತು. ಕೆರದೊಳಗೆ ಸೇರಿದ ಹರಳು ಎಷ್ಟು ಸಣ್ಣದಾದರೂ ನಡೆಯಗೊಡದೆಂಬದನ್ನು ಬಲ್ಲವರಿಗೆ ಈ ಅರ್ಥವು ಕೂಡಲೇ ಹೊಳೆಯುವದು.

ಹುಟ್ಟನ್ನು ತಿಳಿದರೆ ಒಂದು ಮುಖ್ಯ ಭೇದವೂ ತಿಳಿಯುತ್ತದೆ. ಅಲ್ಪವು ಎರಡು ವಿಧ: ಒಟ್ಟುಗೂಡಿದ ಅಲ್ಪ, ಚೆದುರಿದ ಅಲ್ಪ. ಹ್ಯಾಂಡ್‌ಫುಲ್, ಪಿಂಚ್, ಮಾರ್ಸೆಲ್ ಇವು ಒಂದೇ ಕಡೆಯಲ್ಲಿ ಕೂಡಿದ್ದನ್ನು ಹೇಳುತ್ತವೆ. ಸ್ಪ್ರಿಂಕ್ಲಿಂಗ್, ಸ್ಕ್ಯಾಟರಿಂಗ್ ಇವು ಅಲ್ಲೊಂದು ಇಲ್ಲೊಂದಾಗಿ ಹರಡಿದ್ದನ್ನು ಹೇಳುತ್ತವೆ. ಬೆಳ್ತಂಗಡಿಯ ಕಡೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಅನೇಕ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿ ಸಾಲುಗೂಡಿ ನಿಂತಿರುವಾಗ, ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಮನೆ ಗುಡ್ಡದ ಬುಡದಲ್ಲಿ, ಇನ್ನೊಂದು ಗದ್ದೆಯ ಆಚೆಯಲ್ಲಿ, ಮತ್ತೊಂದು ಅಡಿಕೆಯ ತೋಟದ ನಡುವೆ ಇರುತ್ತದೆ. ಇಂಥ ಊರನ್ನು ವರ್ಣಿಸುವವಳು "ಎ ಸ್ಕ್ಯಾಟರಿಂಗ್ ಆಫ್ ಹೌಸಸ್" ಎಂದು ಬರೆಯಬೇಕು. "ಎ ಹ್ಯಾಂಡ್‌ಫುಲ್ ಆಫ್ ಹೌಸಸ್" ಎಂದು ಬರೆದರೆ ಮನೆಗಳ ಸಂಖ್ಯೆ ಮಾತ್ರ ತಿಳಿಯುವದು, ಊರಿನ ರೂಪವು ಕಾಣಿಸದು. ತಲೆಯಲ್ಲಿ ಅಲ್ಲಲ್ಲಿ ನರೆಗೂದಲು ಕಂಡರೆ "ಎ ಸ್ಪ್ರಿಂಕ್ಲಿಂಗ್ ಆಫ್ ಗ್ರೇ" ಎನ್ನುವದೂ ಇದೇ ಕಾರಣದಿಂದಲೇ.

ಚೆದುರಿದ್ದೆಲ್ಲವೂ ಅಲ್ಪವಾಗಿರಬೇಕೆಂಬ ನಿಯಮವಿಲ್ಲ. ಇಲ್ಲಿ ಎಚ್ಚರವು ಬೇಕು. ಭಾರತ ಹವಾಮಾನ ಇಲಾಖೆಯವರು ತಮ್ಮ ಮಳೆಯ ಮುನ್ಸೂಚನೆಗಳಲ್ಲಿ ಐಸೊಲೇಟೆಡ್, ಸ್ಕ್ಯಾಟರ್ಡ್ ಎಂಬ ಶಬ್ದಗಳನ್ನು ಬಳಸುತ್ತಾರೆ. ಒಂದು ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ನೂರಕ್ಕೆ 25ರ ವರೆಗಿನ ಕೇಂದ್ರಗಳಲ್ಲಿ ಮಳೆಯಾದರೆ ಐಸೊಲೇಟೆಡ್, 26ರಿಂದ 50ರ ವರೆಗೆ ಆದರೆ ಸ್ಕ್ಯಾಟರ್ಡ್ ಎಂದು ಅರ್ಥ. ಈ ಶಬ್ದಗಳು ಮಳೆಯು ಎಷ್ಟು ಕಡೆಗಳಲ್ಲಿ ಬೀಳುವದೆಂಬದನ್ನು ಹೇಳುತ್ತವೆಯೇ ಹೊರತು ಎಷ್ಟು ಬೀಳುವದೆಂಬದನ್ನು ಹೇಳುವದಿಲ್ಲ. ಅದಕ್ಕೆ ಬೇರೆ ಶಬ್ದಗಳುಂಟು: 24 ತಾಸುಗಳಲ್ಲಿ 64.5 ಮಿಲ್ಲಿಮೀಟರಿನಿಂದ 115.5ರ ವರೆಗೆ ಬಿದ್ದರೆ ಹೆವಿ, 204.4ನ್ನು ಮೀರಿದರೆ ಎಕ್ಸ್‌ಟ್ರೀಮ್ಲಿ ಹೆವಿ. ಆದುದರಿಂದ "ಐಸೊಲೇಟೆಡ್ ಕಡೆಗಳಲ್ಲಿ ಎಕ್ಸ್‌ಟ್ರೀಮ್ಲಿ ಹೆವಿ" ಎಂಬ ಸೂಚನೆಯನ್ನು ಓದಿ, ಎಲ್ಲೋ ನಾಲ್ಕು ಹನಿ ಬೀಳುವದೆಂದು ನೆಮ್ಮದಿಯಿಂದಿರುವದು ತಪ್ಪು. ಆ ಕೆಲವೇ ಕಡೆಗಳಲ್ಲಿ ನಮ್ಮ ಊರೂ ಒಂದಾಗಿರಬಹುದು. ಘಟ್ಟದ ಮೇಲೆ ಬಿದ್ದ ಮಳೆಯು ನೇತ್ರಾವತಿಯಲ್ಲಿ ಇಳಿದುಬಂದು ಊರಿಗೆ ನುಗ್ಗಬಲ್ಲದೆಂಬದನ್ನು 1923ರ ಮತ್ತು 1974ರ ನೆರೆಗಳನ್ನು ಕಂಡ ಬಂಟ್ವಾಳದವರು ಬಲ್ಲರು. ಶಬ್ದಾರ್ಥವು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಎಣಿಸುವವರಿಗೆ ಈ ಒಂದು ಉದಾಹರಣೆಯೇ ಸಾಕು.

ಎರಡನೆಯ ವಿಷಯ ಫ್ಯೂ, ಲಿಟ್ಲ್ ಎಂಬವುಗಳದು. ಎಣಿಸಬಹುದಾದ ವಸ್ತುಗಳಿಗೆ ಫ್ಯೂ, ಎಣಿಸಲಾಗದವುಗಳಿಗೆ ಲಿಟ್ಲ್ ಎಂಬದನ್ನು ಎಲ್ಲರೂ ಕಲಿತಿರುತ್ತಾರೆ. ತೊಡಕಿರುವದು ಅವುಗಳ ಹಿಂದೆ ಬರುವ "ಎ" ಎಂಬ ಒಂದಕ್ಷರದಲ್ಲಿ. "ಎ ಫ್ಯೂ" ಎಂದರೆ ಉಂಟು ಎಂಬ ಕಡೆಗೆ ವಾಲಿದ ಮಾತು. ಬರಿಯ "ಫ್ಯೂ" ಎಂದರೆ ಇಲ್ಲ ಎಂಬ ಕಡೆಗೆ ವಾಲಿದ ಮಾತು. "ಷಿ ಹ್ಯಾಸ್ ಎ ಫ್ಯೂ ಫ್ರೆಂಡ್ಸ್" ಎಂದರೆ ಆಕೆಗೆ ಗೆಳತಿಯರಿದ್ದಾರೆಂಬ ಸಮಾಧಾನ. "ಷಿ ಹ್ಯಾಸ್ ಫ್ಯೂ ಫ್ರೆಂಡ್ಸ್" ಎಂದರೆ ಆಕೆಗೆ ಗೆಳತಿಯರು ಇಲ್ಲವೆನ್ನುವಷ್ಟು ವಿರಳವೆಂಬ ಮರುಕ. ಇದು ವಿದೇಶೀ ಭಾಷೆಯ ವಿಚಿತ್ರವೆಂದು ಬೆದರಬೇಕಾದದ್ದಿಲ್ಲ. ನಾವು ಕನ್ನಡದಲ್ಲಿ ಇದೇ ಭೇದವನ್ನು ಏಕಾರದಿಂದ ಮಾಡುತ್ತೇವೆ. "ಸಭೆಗೆ ಕೆಲವರು ಬಂದರು" ಎಂಬದಕ್ಕೂ "ಸಭೆಗೆ ಕೆಲವರೇ ಬಂದರು" ಎಂಬದಕ್ಕೂ, "ಸ್ವಲ್ಪ ಅಕ್ಕಿ ಉಂಟು" ಎಂಬದಕ್ಕೂ "ಸ್ವಲ್ಪವೇ ಅಕ್ಕಿ ಉಂಟು" ಎಂಬದಕ್ಕೂ ಇರುವ ವ್ಯತ್ಯಾಸವನ್ನು ಅರಿಯದ ಕನ್ನಡಿಗರಿಲ್ಲ. ಅಕ್ಕಿಯು ಎರಡು ವಾಕ್ಯಗಳಲ್ಲಿಯೂ ಅಷ್ಟೇ. ನೋಡುವ ಕಣ್ಣು ಬೇರೆ. ಕನ್ನಡದ ಏಕಾರವಿರುವಲ್ಲಿ ಇಂಗ್ಲಿಷಿನ "ಎ" ಇರಲಾರದೆಂದು ನೆನಪಿಟ್ಟುಕೊಂಡರೆ ಈ ಪ್ರಯೋಗದಲ್ಲಿ ತಪ್ಪು ಬರುವದು ಅಪರೂಪ.

ಕನ್ನಡದ ಊಕಾರವೂ ಇನ್ನೊಂದು ಕಡೆಯಲ್ಲಿ ಸಹಾಯಕ್ಕೆ ಬರುತ್ತದೆ. "ಎಳ್ಳಷ್ಟೂ", "ಸಾಸಿವೆಯಷ್ಟೂ", "ಲವಲೇಶವೂ" ಎಂದು ನಾವು ಹೇಳಿದರೆ ಅದರ ಮುಂದೆ "ಇಲ್ಲ" ಎಂಬದು ಬಂದೇ ತೀರಬೇಕು. "ಅವನಲ್ಲಿ ಎಳ್ಳಷ್ಟೂ ಕರುಣೆಯುಂಟು" ಎಂದು ಯಾರೂ ಹೇಳುವದಿಲ್ಲ. ಇಂಗ್ಲಿಷಿನ ಜಾಟ್, ವಿಟ್, ಅಯೋಟ ಎಂಬವು ಈ ಜಾತಿಯವು. ಇವು ಬಹುತರವಾಗಿ "ನಾಟ್" ಎಂಬದರೊಡನೆಯೇ ಸಂಚರಿಸುತ್ತವೆ. "ನಾಟ್ ಎ ಜಾಟ್" ಎಂಬದಕ್ಕೆ "ಎಳ್ಳಷ್ಟೂ ಇಲ್ಲ" ಎಂಬದಕ್ಕಿಂತ ಒಳ್ಳೆಯ ಭಾಷಾಂತರವು ದೊರಕದು. ಎಳ್ಳು ಒಂದು ದೇಶದ ಅಳತೆ, ಅಕ್ಷರವು ಇನ್ನೊಂದು ದೇಶದ ಅಳತೆ, ಕೆಲಸವು ಒಂದೇ.

ಮೂರನೆಯದಾಗಿ, ಇಂಗ್ಲಿಷಿನಲ್ಲಿ ಎಣಿಕೆಗೆ ಒಗ್ಗದ ನಾಮಪದಗಳು ಅನೇಕವಾಗಿವೆ. ಬ್ರೆಡ್, ಚಾಕ್, ಪೇಪರ್, ಫರ್ನಿಚರ್, ಅಡ್ವೈಸ್ ಮೊದಲಾದವುಗಳನ್ನು ನಮ್ಮವರು ಎಣಿಸಿ ಬಹುವಚನ ಮಾಡುವದುಂಟು. "ನನ್ನ ತಂದೆಯವರು ಎರಡು ಅಡ್ವೈಸಸ್ ಕೊಟ್ಟರು" ಎಂಬಂಥ ವಾಕ್ಯಗಳು ಇದರಿಂದಲೇ ಹುಟ್ಟುತ್ತವೆ. ಇವುಗಳನ್ನು ಎಣಿಸಬೇಕಾದರೆ ನಡುವೆ ಒಂದು ಅಳತೆಯ ಶಬ್ದವು ಬೇಕು: ಎ ಸ್ಲೈಸ್ ಆಫ್ ಬ್ರೆಡ್, ಎ ಸ್ಟಿಕ್ ಆಫ್ ಚಾಕ್, ಎ ಶೀಟ್ ಆಫ್ ಪೇಪರ್, ಎ ಪೀಸ್ ಆಫ್ ಅಡ್ವೈಸ್. ಹುಲ್ಲಿಗೆ ಬ್ಲೇಡ್, ಬೆಳ್ಳುಳ್ಳಿಗೆ ಕ್ಲೋವ್, ಕೂದಲಿನ ಗೊಂಚಲಿಗೆ ಲಾಕ್, ಕೊತ್ತಂಬರಿ ಸೊಪ್ಪಿನ ಕಡ್ಡಿಗೆ ಸ್ಪ್ರಿಗ್. ರೈಸ್ ಎಂಬ ಒಂದೇ ಶಬ್ದದಿಂದ ಇಂಗ್ಲಿಷಿನವರು ನಮ್ಮ ಅಕ್ಕಿಯನ್ನೂ ಅನ್ನವನ್ನೂ ಕರೆಯುತ್ತಾರೆ. ಆದುದರಿಂದ ಎ ಗ್ರೇನ್ ಆಫ್ ರೈಸ್ ಎಂದರೆ ಅಕ್ಕಿಯ ಕಾಳೋ ಅನ್ನದ ಅಗುಳೋ ಎಂಬದನ್ನು ಸಂದರ್ಭದಿಂದ ತಿಳಿಯಬೇಕು. ಇಲ್ಲಿ ನಮ್ಮ ಭಾಷೆಯೇ ಹೆಚ್ಚು ಸ್ಪಷ್ಟವಾದದ್ದು.

ಇನ್ನು ಶಬ್ದಗಳ ಮರ್ಯಾದೆಯ ವಿಷಯ. ಸ್ಮ್ಯಾಟರಿಂಗ್ ಎಂಬ ಶಬ್ದವು ಸ್ಮ್ಯಾಟರ್ ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು. ಆ ಕ್ರಿಯಾಪದಕ್ಕೆ ಹಿಂದೆ ತಿಳಿಯದೆ ಹರಟುವದೆಂಬ ಅರ್ಥವಿತ್ತು. ಆ ಹುಟ್ಟಿನ ಕಲೆಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಈಗ ಜನರ ಗುಂಪಿಗೂ ಚಪ್ಪಾಳೆಗೂ ಈ ಶಬ್ದವನ್ನು ಹೇಳುವದುಂಟು. ಆದರೆ ಅದರ ಮುಖ್ಯ ಸ್ಥಾನವು ವಿದ್ಯೆಯ, ವಿಶೇಷವಾಗಿ ಭಾಷಾಜ್ಞಾನದ, ವಿಷಯದಲ್ಲಿಯೇ. ಅಲ್ಲಿ ಅದರ ಅರ್ಥ ಅರೆಬರೆ ತಿಳಿವಳಿಕೆ. ಒಬ್ಬಳು ತನ್ನನ್ನು ಕುರಿತು "ಐ ಹ್ಯಾವ್ ಎ ಸ್ಮ್ಯಾಟರಿಂಗ್ ಆಫ್ ಹಿಂದಿ" ಎಂದರೆ ಅದು ವಿನಯ. ಅದೇ ಮಾತನ್ನು ಇನ್ನೊಬ್ಬಳ ಕುರಿತು ಅಂದರೆ ಅದು ಹೀನೈಸುವದಾಗುತ್ತದೆ.

ಇದರಲ್ಲಿ ನಷ್ಟವು ಹೇಗಾಗುವದೆಂದು ನೋಡಿರಿ. ಉದ್ಯೋಗಕ್ಕೆ ಅರ್ಜಿ ಬರೆಯುವ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳೋಣ. ಅವಳು ಹುಟ್ಟಿದಂದಿನಿಂದ ತುಳುವನ್ನೂ ಕೊಂಕಣಿಯನ್ನೂ ನಿರರ್ಗಳವಾಗಿ ಆಡುತ್ತಾಳೆ; ಬ್ಯಾರಿಯನ್ನು ಕೇಳಿ ತಿಳಿಯುತ್ತಾಳೆ. ಆಸ್ಪತ್ರೆಯಲ್ಲಿಯೋ ಬೇಂಕಿನಲ್ಲಿಯೋ ಅಂಥವಳು ದೊಡ್ಡ ಆಸ್ತಿ. ಯಾಕಂದರೆ ಬರುವ ಜನರು ತಮ್ಮ ನೋವನ್ನೂ ಸಾಲವನ್ನೂ ಮನೆಮಾತಿನಲ್ಲಿಯೇ ಹೇಳಿಕೊಳ್ಳುತ್ತಾರೆ. ಆದರೆ ಶಾಲೆಯಲ್ಲಿ ಕಲಿಯದ ಭಾಷೆಯು ಲೆಕ್ಕಕ್ಕಿಲ್ಲವೆಂದು ಎಣಿಸಿ ಅವಳು "ಎ ಸ್ಮ್ಯಾಟರಿಂಗ್ ಆಫ್ ಲೋಕಲ್ ಲ್ಯಾಂಗ್ವೇಜಸ್" ಎಂದು ಬರೆದರೆ, ತನ್ನ ಭಂಡಾರವನ್ನು ತಾನೇ ಚಿಟಿಕೆಯೆಂದು ಬರೆದುಕೊಟ್ಟಂತಾಯಿತು. ಚೆನ್ನಾಗಿ ಬಲ್ಲ ಭಾಷೆಗೆ "ಫ್ಲೂಯೆಂಟ್" ಎಂದೂ, ಕೆಲಸ ನಡಿಸುವಷ್ಟು ಬಲ್ಲದ್ದಕ್ಕೆ "ಎ ವರ್ಕಿಂಗ್ ನಾಲೆಜ್" ಎಂದೂ ಬರೆಯಬೇಕು. ಇದು ಜಂಬವಲ್ಲ, ಸತ್ಯ. ಅದೇ ಪ್ರಕಾರವಾಗಿ, ಗಂಡನಿಗೋ ಮಕ್ಕಳಿಗೋ ಬಂದ ಇಂಗ್ಲಿಷು ಕಾಗದವನ್ನು ಅಕ್ಷರ ಕೂಡಿಸಿ ಓದಿ ತಿಳಿಯುವ ತಾಯಿಯ ವಿದ್ಯೆಯನ್ನು ಮಕ್ಕಳು ಈ ಶಬ್ದದಿಂದ ಕರೆಯಬಾರದು. ಅವಳ ಜ್ಞಾನವು ಅಲ್ಪವಾಗಿರಬಹುದು, ಹರಟೆಯಲ್ಲ. "ಎ ಲಿಟ್ಲ್ ಇಂಗ್ಲಿಷ್" ಎಂಬ ಸರಳವಾದ ಮಾತೇ ಅಲ್ಲಿ ನ್ಯಾಯವಾದದ್ದು.

ಹ್ಯಾಂಡ್‌ಫುಲ್ ಎಂಬದಕ್ಕೂ ಇಂಥ ಎರಡು ಮುಖಗಳುಂಟು. ಸಭೆಗೆ ಬಂದವರು "ಓನ್ಲಿ ಎ ಹ್ಯಾಂಡ್‌ಫುಲ್" ಎಂದರೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆಯೆಂಬ ನಿರಾಶೆಯು ಅದರಲ್ಲಿದೆ. ಮಗುವನ್ನು ಕುರಿತು "ಷಿ ಈಸ್ ಎ ಹ್ಯಾಂಡ್‌ಫುಲ್" ಎಂದು ಯಾರಾದರೂ ಬರೆದಿದ್ದರೆ, ಹೆತ್ತವರು ಅದನ್ನು ಮಗಳು ಚಿಕ್ಕವಳೆಂಬ ವರ್ಣನೆಯೆಂದು ತಿಳಿಯಬಾರದು. ಅವಳ ತುಂಟತನವನ್ನು ಹಿಡಿದು ನಿಲ್ಲಿಸುವದಕ್ಕೆ ಕೈತುಂಬ ಕೆಲಸವೆಂಬದೇ ಅದರ ಅಭಿಪ್ರಾಯ. "ಎ ಪಿಂಚ್ ಆಫ್ ಸಾಲ್ಟ್" ನೊಂದಿಗೆ ಒಂದು ಸುದ್ದಿಯನ್ನು ಸ್ವೀಕರಿಸಬೇಕೆಂದರೆ, ಅದನ್ನು ಪೂರ್ತಿ ನಂಬದೆ ವಿಚಾರಿಸಬೇಕೆಂದು ತಾತ್ಪರ್ಯ. ಅದನ್ನು ಕನ್ನಡಕ್ಕೆ ಶಬ್ದಕ್ಕೆ ಶಬ್ದವಿಟ್ಟು ತಿರುಗಿಸಿದರೆ ಅಡಿಗೆಯ ಮಾತಾಗುವದು. ಸಮುದ್ರದಲ್ಲಿ ಹನಿಯೆಂಬರ್ಥದ ಅವರ ನುಡಿಗಟ್ಟಿಗೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ನಮ್ಮ ಗಾದೆಯು ಸಾಕು.

ಈ ವರೆಗೆ ಹೇಳಿದ್ದು ಮಾತಿನ ಅಳತೆ. ಇದೇ ಶಬ್ದಗಳಲ್ಲಿ ಕೆಲವು ತಕ್ಕಡಿಯ ಅಳತೆಗಳೂ ಆಗಿದ್ದವು. ಗ್ರೇನ್ ಎಂಬದು ಇಂಗ್ಲಿಷು ತೂಕದಲ್ಲಿ ಪೌಂಡಿನ 7000ದಲ್ಲಿ ಒಂದು ಭಾಗ. ನಮ್ಮ ಒಂದು ತೊಲೆಗೆ 180 ಗ್ರೇನುಗಳಾಗುತ್ತಿದ್ದವು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನಿಟ್ಟು ಬಂಗಾರವನ್ನು ತೂಗಿದಂತೆ ಅವರು ಧಾನ್ಯದ ಕಾಳನ್ನಿಟ್ಟು ತೂಗಿದರು. ನಮ್ಮ ಜಿಲ್ಲೆಯಲ್ಲಿಯೂ ಅಕ್ಕಿಗೆ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕವು ನಡೆಯುತ್ತಿತ್ತು. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಬಂದ ಮೇಲೆ ಇವೆಲ್ಲ ಕ್ರಮೇಣ ಹಿಂದೆ ಸರಿದವು. ಆದರೂ ಗ್ರೇನಿನ ನೆರಳು ಔಷಧದ ಪೆಟ್ಟಿಗೆಯಲ್ಲಿ ಉಳಿದಿದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲ್ಲಿಗ್ರಾಮ್. ಹಿಂದಿನ 5 ಗ್ರೇನಿನ ಮಾತ್ರೆಯೇ ಈಗ 325 ಮಿಲ್ಲಿಗ್ರಾಮಿನ ಮಾತ್ರೆ, 10 ಗ್ರೇನಿನದೇ 650 ಮಿಲ್ಲಿಗ್ರಾಮಿನದು. ಗ್ರೇನಿಗೂ ಗ್ರಾಮಿಗೂ ಬರೆಯುತ್ತಿದ್ದ ಗುರುತುಗಳು ಹತ್ತಿರ ಹತ್ತಿರವಾಗಿದ್ದುದರಿಂದ ಒಂದನ್ನು ಇನ್ನೊಂದೆಂದು ಓದುವ ಅಪಾಯವಿತ್ತು. ಒಂದು ಗ್ರಾಮಿಗೆ 15ಕ್ಕಿಂತ ಹೆಚ್ಚು ಗ್ರೇನುಗಳಾಗುವದರಿಂದ ಆ ತಪ್ಪು ಎಷ್ಟು ಭಯಂಕರವಾದದ್ದೆಂದು ದಾದಿಯ ಕೆಲಸವನ್ನು ಕೈಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೇಳಬೇಕಾಗಿಲ್ಲ.

ಹೀಗೆಂದು ಚಿಟಿಕೆಯೂ ಹಿಡಿಯೂ ಒರಟಾದ, ನಂಬಲಾಗದ ಅಳತೆಗಳೆಂದು ತಳ್ಳಿಬಿಡಬಹುದೋ? ನೆರೆಯ ಬಾಂಗ್ಲಾದೇಶದಲ್ಲಿ ನಡೆದ ಒಂದು ಕಾರ್ಯವು ಇದಕ್ಕೆ ಉತ್ತರ ಕೊಡುತ್ತದೆ. ಭೇದಿಯಿಂದ ದೇಹದ ನೀರೂ ಲವಣವೂ ಇಳಿದುಹೋಗಿ ಎಳೆಯ ಮಕ್ಕಳು ಸಾಯುತ್ತಿದ್ದ ಆ ದೇಶದಲ್ಲಿ, ಬ್ರ್ಯಾಕ್ ಎಂಬ ಸಂಸ್ಥೆಯವರು 1980ರಿಂದ 1990ರ ವರೆಗೆ ಮನೆಮನೆಗೆ ಸ್ತ್ರೀಯರನ್ನು ಕಳುಹಿಸಿ ತಾಯಂದಿರಿಗೆ ಒಂದು ಪಾನಕವನ್ನು ಕಲಿಸಿದರು. ಆ ಹಳ್ಳಿಗಳಲ್ಲಿ ತಕ್ಕಡಿಯಿರಲಿಲ್ಲ, ಒಂದೇ ಗಾತ್ರದ ಚಮಚವೂ ಇರಲಿಲ್ಲ. ಆದುದರಿಂದ ಮೂರು ಬೆರಳುಗಳ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ಗೊತ್ತುಮಾಡಿದರು. ತಾಯಿಯು ತನ್ನ ಕೈಯಿಂದಲೇ ಮಾಡಿ ತೋರಿಸಬೇಕು. ಆಮೇಲೆ ಬೇರೆಯವರು ಹೋಗಿ ಕೆಲವು ಮನೆಗಳನ್ನು ಆರಿಸಿ ಪರೀಕ್ಷಿಸುವರು. ತಾಯಿಯು ಎಷ್ಟು ನೆನಪಿಟ್ಟಿದ್ದಾಳೆಂಬದರ ಮೇಲೆ ಕಲಿಸಿದವಳ ಸಂಬಳವು ನಿಂತಿತ್ತು. ಹೀಗೆ ಹತ್ತು ವರ್ಷಗಳಲ್ಲಿ ಒಂದು ಕೋಟಿಗಿಂತ ಹೆಚ್ಚು ಮನೆಗಳಲ್ಲಿ ಈ ಪಾಠವು ನಡೆಯಿತು. ಚಿಟಿಕೆಯು ಹೆಚ್ಚಾದರೆ ಲವಣವು ಮಗುವಿಗೆ ಕೇಡನ್ನು ಮಾಡುವದು, ಕಡಿಮೆಯಾದರೆ ಗುಣಕೊಡದು. ಆದರೂ ಕಲಿಸಿದ ಕೈಯ ಚಿಟಿಕೆಯು ನಂಬಿಕೆಗೆ ಯೋಗ್ಯವೆಂದು ಇದರಿಂದ ಸಿದ್ಧವಾಯಿತು. ನಮ್ಮ ಮನೆಗಳಲ್ಲಿ ಈಗ ಚಮಚಗಳಿರುವದರಿಂದ, ಔಷಧದಂಗಡಿಯ ಪೊಟ್ಟಣವು ಸಿಕ್ಕದಾಗ, ಒಂದು ಲೀಟರ್ ಶುದ್ಧವಾದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಲೆಕ್ಕವನ್ನು ಹಿಡಿಯುವದು ಒಳ್ಳೆಯದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದುವಾಗ ಲೆವೆಲ್ ಎಂದರೆ ಸಮತಟ್ಟು, ಹೀಪ್ಡ್ ಎಂದರೆ ರಾಶಿಯಾಗಿ ಎಂಬ ಭೇದವನ್ನು ಮರೆಯಬಾರದು.

ಹಿಡಿಯ ಶಕ್ತಿಗೆ ಇನ್ನೊಂದು ದೃಷ್ಟಾಂತವು ಮಿಜೋರಾಮಿನದು. ಅಲ್ಲಿಯ ಕ್ರೈಸ್ತಸಭೆಯ ಸ್ತ್ರೀಯರು ಅಡಿಗೆಗೆ ಅಕ್ಕಿ ತೆಗೆಯುವಾಗೆಲ್ಲ ಒಂದು ಹಿಡಿಯನ್ನು ಬೇರೆಯಾಗಿಡುವ ಪದ್ಧತಿಯನ್ನು 1910ರಲ್ಲಿ ಆರಂಭಿಸಿದರು. ಬೂಹ್‌ಫಾಯ್ ಥಾಮ್, ಅಂದರೆ ಹಿಡಿ ಅಕ್ಕಿ, ಎಂದು ಅದರ ಹೆಸರು. ಆ ಹಿಡಿಗಳು ಕೂಡಿ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಗಳಾಗುತ್ತವೆ.

ಅಷ್ಟು ದೂರಕ್ಕೆ ಹೋಗಲೇಕೆ? ನಮ್ಮ ಪೇಟೆಗಳ ಅಂಗಡಿಯವರೆಲ್ಲ ಬಲ್ಲ ಪಿಗ್ಮಿ ಎಂಬ ಶಬ್ದವನ್ನೇ ನೋಡಿರಿ. ಉಡುಪಿಯಲ್ಲಿ 1925ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರೂ ಅವರ ಸಂಗಡಿಗರೂ ಸ್ಥಾಪಿಸಿದ ಬೇಂಕು ಮುಂದೆ ಸಿಂಡಿಕೇಟ್ ಬೇಂಕೆಂದು ಪ್ರಸಿದ್ಧವಾಗಿ, 2020ರಲ್ಲಿ ಕೆನರಾ ಬೇಂಕಿನಲ್ಲಿ ಸೇರಿಹೋಯಿತು. ಆ ಬೇಂಕಿನವರು 1928ರಲ್ಲಿ, ದಿನಕ್ಕೆ ಎರಡಾಣೆಯಷ್ಟನ್ನು ಜನರ ಬಾಗಿಲಿಗೇ ಬಂದು ತೆಗೆದುಕೊಂಡು ಜಮೆಮಾಡುವ ಏರ್ಪಾಡನ್ನು ಹೂಡಿ ಅದಕ್ಕೆ ಪಿಗ್ಮಿ ಠೇವಣಿಯೆಂದು ಹೆಸರಿಟ್ಟರು. ಕುಳ್ಳನೆಂಬರ್ಥದ ಈ ಶಬ್ದದ ಗ್ರೀಕ್ ಮೂಲವು ಪಿಗ್ಮೆ. ಅದರ ಅರ್ಥ ಮುಷ್ಟಿ, ಮತ್ತು ಮೊಣಕೈಯಿಂದ ಮುಷ್ಟಿಯ ಗೆಣ್ಣಿನ ವರೆಗಿನ ಅಳತೆ. ಹೀಗೆ ಇಂಗ್ಲಿಷಿನಿಂದ ಬಂತೆಂದು ನಾವು ಎಣಿಸುವ ಪಿಗ್ಮಿಯ ಒಳಗೂ ಅಡಗಿರುವದು ಒಂದು ಮುಷ್ಟಿಯೇ! ಚೆದುರಿಹೋಗಬಹುದಾಗಿದ್ದ ಎರಡೆರಡು ಆಣೆಗಳು ಪ್ರತಿದಿನವೂ ಒಂದು ಪುಸ್ತಕದಲ್ಲಿ ಕೂಡಿದ್ದರಿಂದ ಎಷ್ಟೋ ಮನೆಗಳಲ್ಲಿ ಶಾಲೆಯ ಫೀಸೂ ಮದುವೆಯ ಖರ್ಚೂ ನಡೆದವು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯಲ್ಲಿ ನೀರಿನ ಅಲ್ಪವೂ ಧಾನ್ಯದ ಅಲ್ಪವೂ ತಮ್ಮ ತಮ್ಮ ಹೆಸರಿನಿಂದಲೇ ಬಂದಿರುವದನ್ನು ಗಮನಿಸಿರಿ.

ಕಡೆಯದಾಗಿ ಮೈಟ್ ಎಂಬ ಶಬ್ದವನ್ನು ಹೇಳಿ ಮುಗಿಸುತ್ತೇವೆ. ಇದು ಮೊದಲು ಫ್ಲಾಂಡರ್ಸ್ ಸೀಮೆಯ ಅತ್ಯಲ್ಪ ಬೆಲೆಯ ನಾಣ್ಯದ ಹೆಸರು. ದೇವಾಲಯದ ಕಾಣಿಕೆಪೆಟ್ಟಿಗೆಯಲ್ಲಿ ಬಡ ವಿಧವೆಯು ಹಾಕಿದ ಎರಡು ಕಾಸುಗಳಿಗೆ ಇಂಗ್ಲಿಷು ಸತ್ಯವೇದದ ಭಾಷಾಂತರಕಾರರು ಈ ಹೆಸರನ್ನಿಟ್ಟುದರಿಂದ ಅದು ಲೋಕಪ್ರಸಿದ್ಧವಾಯಿತು. ಈಗ ಅನೇಕರು ದಾನಕೊಡುವಾಗ "ಇದು ನನ್ನ ಮೈಟ್" ಎಂದು ಹೇಳುತ್ತಾರೆ. ಸಣ್ಣ ಮೊತ್ತವೆಂಬದಷ್ಟೇ ಅವರ ಅಭಿಪ್ರಾಯ. ಆದರೆ ಆ ಕಥೆಯ ಸಾರವು ಬೇರೆ. ಅವಳ ಬಳಿಯಲ್ಲಿ ಇದ್ದುದೇ ಆ ಎರಡು ಕಾಸು. ಆದುದರಿಂದಲೇ ಅವಳು ಎಲ್ಲರಿಗಿಂತ ಹೆಚ್ಚು ಕೊಟ್ಟವಳೆಂದು ಎಣಿಸಲ್ಪಟ್ಟಳು. ಒಂದು ವಸ್ತುವು ಅಲ್ಪವೋ ಅಲ್ಲವೋ ಎಂಬದನ್ನು ಅದನ್ನು ಮಾತ್ರ ನೋಡಿ ನಿರ್ಣಯಿಸಲಾಗದು. ಕೊಟ್ಟವರ ಹತ್ತಿರ ಏನು ಉಳಿಯಿತೆಂಬದನ್ನೂ ನೋಡಬೇಕು.

ಈ ಶಬ್ದಗಳೆಲ್ಲವುಗಳ ಪ್ರಯೋಗದಲ್ಲಿ ನೆನಪಿಡಬೇಕಾದದ್ದು ಇಷ್ಟೇ: ವಸ್ತುವು ಎಣಿಸುವದೋ ಅಳೆಯುವದೋ, ಕೂಡಿದ್ದೋ ಚೆದುರಿದ್ದೋ ಎಂಬದನ್ನು ಮೊದಲು ವಿಚಾರಿಸಿ, ಆ ಮೇಲೆ ಅದು ಯಾರದು ಎಂಬದನ್ನು ವಿಚಾರಿಸಿರಿ. ಇನ್ನೊಬ್ಬರ ವಿದ್ಯೆಯನ್ನಾಗಲಿ ದುಡಿಮೆಯನ್ನಾಗಲಿ ದಾನವನ್ನಾಗಲಿ ಹೆಸರಿಸುವಾಗ ಹೀನೈಸುವ ಶಬ್ದವನ್ನು ಬಿಟ್ಟು ಸರಿಯಾಗಿ ತೂಗುವ ಶಬ್ದವನ್ನು ಆರಿಸಿಕೊಳ್ಳಿರಿ. ನಮ್ಮ ಶಾಲೆಯಲ್ಲಿ ಓದಿ ಈಗ ದೂರದೂರದ ಊರುಗಳಲ್ಲಿ ಅಲ್ಲೊಬ್ಬಳು ಇಲ್ಲೊಬ್ಬಳಾಗಿ ನೆಲಸಿರುವ ಸಹೋದರಿಯರಿಗೆ ಇಂಗ್ಲಿಷಿನಲ್ಲಿ ಒಂದು ಹೆಸರನ್ನಿಡಬೇಕಾದರೆ ಸ್ಕ್ಯಾಟರಿಂಗ್ ಎಂಬದೇ ತಕ್ಕದ್ದು. ಆ ಶಬ್ದಕ್ಕೆ ಬೀಜವನ್ನು ಬಿತ್ತುವದೆಂಬ ಅರ್ಥದಲ್ಲಿಯೂ ಪ್ರಯೋಗವುಂಟೆಂಬದನ್ನು ಅವರು ಮರೆಯದಿರಲಿ.